ಶಿಶುವಿಹಾರಕ್ಕೆ ಬಂದ ಪರದೆ, ಹಿಂದಿರುಗಿದ ಪರದೆ

ಸ್ವೀಡನ್ನಿನ ಶಿಶುವಿಹಾರಗಳಿಗೆ ಮೊದಲ ರಾಷ್ಟ್ರೀಯ ಪಠ್ಯಕ್ರಮ ಬಂದದ್ದು 1998ರಲ್ಲಿ. ಒಂದರಿಂದ ಐದು ವರ್ಷದ ಮಕ್ಕಳ ಆಟ, ಮಾತುಗಳೇ ಅದರ ಜೀವಾಳ. ಇಪ್ಪತ್ತು ವರ್ಷಗಳ ನಂತರ ಅದನ್ನು ತಿದ್ದಿ ಬರೆದಾಗ 'ಡಿಜಿಟಲ್ ಸಾಧನ'ಗಳೂ ಒಳಗೆ ಬಂದವು. 2019ರ ಜುಲೈ 1ರಿಂದ ಮಕ್ಕಳಿಗೆ ಅವುಗಳ ಬಳಕೆ ಮಾಡಿಸುವುದು ಶಿಶುವಿಹಾರದ ಕರ್ತವ್ಯವೇ ಆಯಿತು. 'ಸಾಧನ' ಎಂಬ ಪದದ ಚಳಕ ನೋಡಿ: ಕತ್ತರಿ, ಕುಂಚಗಳ ಸಾಲಿನಲ್ಲಿ ಟ್ಯಾಬ್ಲೆಟ್ಟೂ ಸಂಭಾವಿತನಂತೆ ಕೂತುಬಿಟ್ಟಿತು.

ವಿಚಿತ್ರವೆಂದರೆ, ಇದಕ್ಕೆ ಎರಡು ತಿಂಗಳು ಮೊದಲಷ್ಟೇ, ಏಪ್ರಿಲ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಮಾತು ಹೇಳಿತ್ತು. ಎರಡು ತುಂಬದ ಮಕ್ಕಳು ಕೂತು ಪರದೆ ನೋಡುವುದೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ವೈದ್ಯರು ಎಣಿಸುತ್ತಿದ್ದದ್ದು ಮಗು ಓಡಾಡದೆ, ಮಲಗದೆ ಕಳೆದ ಗಂಟೆಗಳನ್ನು. ಶಿಕ್ಷಣ ಇಲಾಖೆ ಎಣಿಸುತ್ತಿದ್ದದ್ದು ಮುಂದೆ ಬೇಕಾಗುವ ಕೌಶಲಗಳನ್ನು. ಒಂದೇ ಮಗು, ಎರಡು ಲೆಕ್ಕದ ಪುಸ್ತಕ.

2023ರಲ್ಲಿ ಕರೋಲಿನ್ಸ್ಕಾ ಸಂಸ್ಥೆಯ ತಜ್ಞರು ಶಾಲೆಗಳ ಡಿಜಿಟಲೀಕರಣವನ್ನು ಕಟುವಾಗಿ ಟೀಕಿಸಿದರು. ಶಾಲಾ ಸಚಿವೆ ಲೊಟ್ಟಾ ಎಡ್‌ಹೋಲ್ಮ್ ಆ ಟೀಕೆಯ ಪರವೇ ನಿಂತರು. 2024ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೂ ಎರಡು ವರ್ಷದೊಳಗಿನವರಿಗೆ ಪರದೆ ಸಲ್ಲದೆಂದಿತು. 2025ರ ಜುಲೈಯಲ್ಲಿ ಪಠ್ಯಕ್ರಮದ ಆ ಕಡ್ಡಾಯ ಹೋಯಿತು. ಗಟ್ಟಿಯಾಗಿ ಕಥೆ ಓದಿ ಹೇಳುವುದಕ್ಕೆ ಮತ್ತೆ ಜಾಗ ಸಿಕ್ಕಿತು.