ಷಟ್‌ಸ್ಥಲದಿಂದ ಶೂನ್ಯಸಂಪಾದನೆಗೆ

ಗೋಕಾಕದಲ್ಲಿ ಶೂನ್ಯಸಂಪಾದನ ಮಠವಿದೆ. ಅಲ್ಲಿ ಶರಣ ಸಂಸ್ಕೃತಿ ಉತ್ಸವವೂ ನಡೆಯುತ್ತದೆ. ಗೋಕಾಕ–ಮೂಡಲಗಿ ಸೀಮೆಯ ಅರಭಾವಿಯಲ್ಲೂ ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲೂ ದುರದುಂಡೇಶ್ವರ ಮಠಗಳಿವೆ. ಹಿರಿಯರು ತೀರಿಕೊಂಡರೆ ಈ ಕಡೆ ‘ಲಿಂಗೈಕ್ಯರಾದರು’ ಎನ್ನುತ್ತಾರೆ. ಆ ಒಂದು ಮಾತಿನ ಹಿಂದೆ ಶತಮಾನಗಳ ಅನುಭಾವ ಚಿಂತನೆ ನಿಂತಿದೆ.

ಆರು ಸ್ಥಲಗಳು

ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ: ಇವು ಸಾಧಕ ಏರಬೇಕಾದ ಆರು ನೆಲೆಗಳು. 12ನೇ ಶತಮಾನದ ಕಲ್ಯಾಣದಲ್ಲಿ ಶರಣರು ಬದುಕಿ ಕಂಡದ್ದನ್ನು ಶಾಸ್ತ್ರವಾಗಿ ಹೊಂದಿಸಿದವರಲ್ಲಿ ಚೆನ್ನಬಸವಣ್ಣ ಮೊದಲಿಗ. ಈ ವ್ಯವಸ್ಥೆ ದೇಹವನ್ನು ಹೊರಗಿಡುವುದಿಲ್ಲ. ಭಕ್ತ ಮೂಗಿನಿಂದ ಗಂಧವನ್ನು ಆಚಾರಲಿಂಗಕ್ಕೆ ಅರ್ಪಿಸುತ್ತಾನೆ, ಮಹೇಶ ನಾಲಿಗೆಯಿಂದ ರುಚಿಯನ್ನು ಗುರುಲಿಂಗಕ್ಕೆ. ಹೀಗೆ ಕಣ್ಣು, ಚರ್ಮ, ಕಿವಿಗಳನ್ನು ದಾಟಿ ಐಕ್ಯನಲ್ಲಿ ಹೃದಯದ ತೃಪ್ತಿಯೇ ಮಹಾಲಿಂಗಕ್ಕೆ ಅರ್ಪಿತ. ಇಂದ್ರಿಯಗಳನ್ನೇ ಪೂಜೆಯಾಗಿಸಿದ ಈ ಧೈರ್ಯ ನನಗೆ ಇಡೀ ಸಿದ್ಧಾಂತದ ಜೀವಾಳವೆನಿಸುತ್ತದೆ.

ನೂರೊಂದಕ್ಕೆ ಬೆಳೆದದ್ದು

15ನೇ ಶತಮಾನದ ವಿಜಯನಗರದಲ್ಲಿ, ಪ್ರೌಢದೇವರಾಯನ ಕಾಲಕ್ಕೆ, ಜಕ್ಕಣಾರ್ಯನಂಥವರು ಶರಣರ ವಚನಗಳನ್ನು ಒಟ್ಟುಗೂಡಿಸಿ ವಿಂಗಡಿಸಿದರು. ಆರು ಸ್ಥಲಗಳು ನೂರೊಂದಾದವು: ಅಂಗಸ್ಥಲ 44, ಲಿಂಗಸ್ಥಲ 57. ವಚನಗಳು ಉಳಿದದ್ದರಲ್ಲಿ ಈ ವಿಂಗಡಣೆಯ ಪಾಲು ದೊಡ್ಡದು. ಆದರೆ ಮಾತು ಆಡಿದ ಸಂದರ್ಭ ಅಲ್ಲಿ ಮರೆಯಾಯಿತು.

ಮತ್ತೆ ಸಂವಾದ

ಆ ಸಂದರ್ಭವನ್ನು ಮರಳಿ ತಂದದ್ದು ‘ಶೂನ್ಯಸಂಪಾದನೆ’ ಗ್ರಂಥ. ಶಿವಗಣಪ್ರಸಾದಿ ಮಹದೇವಯ್ಯ ಮೊದಲು ಸಂಕಲಿಸಿದ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣ ಪರಿಷ್ಕರಿಸಿದರು. ಇಲ್ಲಿ ವಚನಗಳು ಶರಣ ಅಲ್ಲಮನ ಸುತ್ತ ವಾದವಾಗಿ ಜೋಡಿಸಲ್ಪಟ್ಟಿವೆ. ಒಂದು ಪ್ರಸಂಗದಲ್ಲಿ, ಹುಲ್ಲು ಕೊಯ್ಯುವಾಗ ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯ ಮೈಮೇಲೆ ಧರಿಸಿದ ಇಷ್ಟಲಿಂಗ ನೀರಿಗೆ ಬೀಳುತ್ತದೆ. ಅವನು ಹಿಂದಿರುಗಿ ನೋಡದೆ ಹುಲ್ಲು ಹೊತ್ತು ನಡೆಯುತ್ತಾನೆ. ಲಿಂಗವೇ ಬೆನ್ನು ಹತ್ತುತ್ತದೆ. ಕಾಯಕ ದೊಡ್ಡದೋ ಲಿಂಗ ದೊಡ್ಡದೋ ಎಂಬ ಪ್ರಶ್ನೆಗೆ ಇದಕ್ಕಿಂತ ತೀಕ್ಷ್ಣವಾದ ದೃಶ್ಯ ಕನ್ನಡದಲ್ಲಿ ನಾನು ಕಂಡಿಲ್ಲ.

ದೂರದ ಸಮಕಾಲೀನರು

ಕಲ್ಯಾಣದ ಶತಮಾನದಲ್ಲೇ ಫ್ರಾನ್ಸಿನ ಪ್ರೊವೆನ್ಸ್‌ನಲ್ಲಿ ಯಹೂದಿಗಳ ‘ಬಾಹಿರ್’ ಗ್ರಂಥ ಬೆಳಕಿಗೆ ಬಂತು. 13ನೇ ಶತಮಾನದ ಕೊನೆಗೆ ಸ್ಪೇನಿನಲ್ಲಿ ‘ಜೋಹರ್’ ಹೊರಟಿತು; ವಿದ್ವಾಂಸರು ಅದರ ಬಹುಪಾಲನ್ನು ಮೋಸೆಸ್ ದ ಲಿಯೋನ್‌ನ ರಚನೆಯೆನ್ನುತ್ತಾರೆ. ಈ ಗ್ರಂಥಗಳ ಯಹೂದಿ ಅನುಭಾವ ಪಂಥವಾದ ಕಬ್ಬಾಲಕ್ಕೆ ಮೂಲ ‘ಐನ್ ಸೋಫ್’, ಅಂತವಿಲ್ಲದ್ದು. ಅದು ಹತ್ತು ‘ಸೆಫಿರೋತ್’ಗಳಾಗಿ ಪ್ರಕಟವಾಗುತ್ತದೆ. ಶರಣರಲ್ಲೂ ರೂಪವಿಲ್ಲದ ನಿಃಕಲದಿಂದ ಆರು ಲಿಂಗಗಳು. ಎರಡರ ನಡುವೆ ಕೊಡುಕೊಳ್ಳುವಿಕೆ ಇತ್ತೆಂದು ಊಹಿಸಬೇಕಾಗಿಲ್ಲ. ವ್ಯತ್ಯಾಸವೂ ದೊಡ್ಡದು: ಕಬ್ಬಾಲ ಹೀಬ್ರೂ, ಅರಮಾಯಿಕ್ ಬಲ್ಲ ಪಂಡಿತರ ವಲಯದಲ್ಲಿ ಬೆಳೆಯಿತು, ಇಲ್ಲಿ ಹಗ್ಗ ಹೊಸೆಯುವವನೂ ತನ್ನ ಅನುಭಾವವನ್ನು ಆಡುಗನ್ನಡದಲ್ಲೇ ವಾದಿಸಿದ.