‘ಸಿಂಗಾರೆವ್ವ’ ಸಿನಿಮಾದ ವಿಕಿಪೀಡಿಯ ಪುಟ: ಕೂಡಿ ತಿದ್ದೋದು ಹೆಂಗ, ಯಾವ ಮಾತು ಉಳೀತೈತಿ, ಯಾವುದನ್ನ ಅಳಸ್ತಾರ?

ಬೆಲ್ಲದ ಬಾಗೇವಾಡಿ: ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರ ಜನವರಿ 2ರಂದು ಹುಟ್ಟಿದವರು ಡಾ. ಚಂದ್ರಶೇಖರ ಕಂಬಾರ. ಅವರ ಕಾದಂಬರಿ ‘ಸಿಂಗಾರೆವ್ವ ಮತ್ತು ಅರಮನೆ’ ಪ್ರಕಟವಾದದ್ದು 1982ರಲ್ಲಿ. ಅದನ್ನು ಟಿ.ಎಸ್. ನಾಗಾಭರಣ ಸಿನಿಮಾ ಮಾಡಿದರು. ನಟಿ ಪ್ರೇಮಾ ಮುಖ್ಯ ಪಾತ್ರದಲ್ಲಿದ್ದ ಈ ಚಿತ್ರ 50ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಅನ್ನಿಸಿಕೊಂಡಿತು.

ನಮ್ಮ ಕಡೆಯ ವಾಡೆ, ದೇಸಗತಿ, ನಮ್ಮ ಕಡೆಯ ಮಾತು ಇರುವ ಕಥೆ ಇದು. ಇಂಥ ಸಿನಿಮಾ ಬಗ್ಗೆ ಇವತ್ತು ಯಾರಾದರೂ ಫೋನಿನಲ್ಲಿ ಹುಡುಕಿದರೆ ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬೀಳೋದು ವಿಕಿಪೀಡಿಯ. ಕಾಲೇಜು ಹುಡುಗರ ಪ್ರಾಜೆಕ್ಟಿಗೂ ಅದೇ ಆಧಾರ, ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಹೊಸ ಎಐ ಆ್ಯಪ್‌ಗಳೂ ಅಲ್ಲಿಂದಲೇ ಎತ್ತುತ್ತವೆ. ಅಲ್ಲಿ ಊರಿನ ಹೆಸರು ತಪ್ಪಿದರೆ ಎಲ್ಲಾ ಕಡೆ ತಪ್ಪಿದಂಗ. ಆದರೆ ಆ ಪುಟ ಬರೆಯೋದು ಸರ್ಕಾರವೂ ಅಲ್ಲ, ಕಂಪನಿಯೂ ಅಲ್ಲ. ಓದುವ ಮಂದಿಯೇ ಬರೀತಾರ, ತಿದ್ತಾರ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಈಗ ಅದರಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ.

ಖಾತೆಗೆ ಏನು ಬೇಕು?

ಒಂದು ಹೆಸರು, ಒಂದು ಪಾಸ್‌ವರ್ಡ್, ಇಷ್ಟೇ. ಆಧಾರ್ ಕೇಳಂಗಿಲ್ಲ, ಫೀ ಇಲ್ಲ. ಇಮೇಲ್ ಕೊಟ್ಟರೆ ಪಾಸ್‌ವರ್ಡ್ ಮರೆತಾಗ ಅನುಕೂಲ, ಕೊಡಲೇಬೇಕು ಅಂತಿಲ್ಲ. ನಿಜವಾದ ಹೆಸರೂ ಬೇಕಾಗಿಲ್ಲ. ಪುಟದ ಮೇಲೆ ‘ಸಂಪಾದಿಸಿ’ ಒತ್ತಿದರೆ ಬರಹ ತೆರೆಯುತ್ತದೆ. ತಿದ್ದಿದ ಮೇಲೆ ಕೆಳಗೆ ಒಂದು ಸಾಲಿನಲ್ಲಿ ಏನು ಬದಲಿಸಿದಿರಿ ಅಂತ ಬರೆದು ಪ್ರಕಟಿಸಬೇಕು. ಆ ಒಂದು ಸಾಲು ಬರೆಯದೇ ಬಿಟ್ಟರೆ ಮುಂದೆ ನೋಡುವವರಿಗೆ ಸಂಶಯ ಬರುತ್ತದೆ, ಹಾಗಾಗಿ ಬಿಡಬಾರದು.

ಇಸವಿ ಜಗಳ

ಸಿನಿಮಾ ಪುಟಗಳಲ್ಲಿ ಹೆಚ್ಚು ತಿಕ್ಕಾಟ ಆಗೋದು ಇಸವಿ ಮೇಲೆ. ‘ಸಿಂಗಾರೆವ್ವ’ ವಿಷಯದಲ್ಲೇ ನೋಡ್ರಿ. 50ನೇ ರಾಷ್ಟ್ರೀಯ ಪ್ರಶಸ್ತಿ 2002ರ ಚಿತ್ರಗಳಿಗೆ ಕೊಟ್ಟದ್ದು. ಸಿನಿಮಾವನ್ನು ಗುರುತಿಸುವುದು 2003ರ ಚಿತ್ರ ಅಂತ. ಒಬ್ಬರು 2002 ಅಂತ ಹಾಕಿದರೆ ಇನ್ನೊಬ್ಬರು ಅಳಿಸಿ 2003 ಮಾಡಬಹುದು. ಇಬ್ಬರದೂ ಸುಳ್ಳಲ್ಲ. ರಾಷ್ಟ್ರೀಯ ಪ್ರಶಸ್ತಿ ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕ ವರ್ಷ ನೋಡುತ್ತದೆ, ಥೇಟರಿಗೆ ಬಂದ ವರ್ಷ ಅಲ್ಲ.

ಕಂಬಾರರೇ ನಿರ್ದೇಶಿಸಿದ ‘ಕಾಡು ಕುದುರೆ’ಯಲ್ಲೂ ಇದೇ ಗೊಂದಲ. ಆ ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಅವರಿಗೆ ಬಂದ ರಾಷ್ಟ್ರೀಯ ಪ್ರಶಸ್ತಿ 1978ರ ಸಾಲಿನದು, ಚಿತ್ರವನ್ನು 1979ರದು ಅಂತ ದಾಖಲಿಸುತ್ತಾರೆ. ಕಂಬಾರರ ಜ್ಞಾನಪೀಠವೂ ಹಂಗ. 2010ರ ಸಾಲಿನ ಪ್ರಶಸ್ತಿ, ಘೋಷಣೆ ಆದದ್ದು 2011ರಲ್ಲಿ. ಆದ್ದರಿಂದ ಒಂದು ಇಸವಿ ಅಳಿಸಿ ಇನ್ನೊಂದು ಹಾಕುವ ಬದಲು ‘ಯಾವ ಸಾಲಿನ ಪ್ರಶಸ್ತಿ, ಯಾವಾಗ ಬಿಡುಗಡೆ’ ಅಂತ ಎರಡನ್ನೂ ಬರೆದರೆ ಜಗಳವೇ ಇರಂಗಿಲ್ಲ.

ಹೆಸರಿನ ಕಾಗುಣಿತವೂ ಇಂಥದ್ದೇ. ಕೆಲವರು ಸಿಂಗಾರವ್ವ ಅಂತಾರ, ಕೆಲವರು ಸಿಂಗಾರೆವ್ವ. ಎರಡು ಪುಟ ಮಾಡಬಾರದು. ಒಂದು ಹೆಸರಿನಲ್ಲಿ ಲೇಖನ ಇಟ್ಟು, ಇನ್ನೊಂದು ಹೆಸರಿನಲ್ಲಿ ಹುಡುಕಿದವರು ಅಲ್ಲಿಗೇ ಬರುವಂತೆ ಜೋಡಿಸುವ ಸೌಲಭ್ಯ ಇದೆ.

‘ಶಿವಾಪುರ ಅಂದರೆ ನಮ್ಮ ಘೋಡಗೇರಿ’ ಅಂತ ಬರೀಬಹುದೇ?

ಕಂಬಾರರ ಅನೇಕ ಕೃತಿಗಳಲ್ಲಿ ಬರುವ ಊರು ಶಿವಾಪುರ. ಅದು ಘೋಡಗೇರಿಯೇ ಅಂತ ಕಟ್ಟೆ ಮೇಲೆ ಕುಂತು ಹೇಳಬಹುದು. ವಿಕಿಪೀಡಿಯದಲ್ಲಿ ಬರೆದರೆ ನಿಲ್ಲೋದು ಕಷ್ಟ. ಅಲ್ಲಿ ಮುಖ್ಯ ನಿಯಮ ಮೂರು: ಯಾರ ಪರವೂ ವಹಿಸದೆ ಬರೀಬೇಕು, ಓದುಗ ತಾನೇ ಪರೀಕ್ಷಿಸಿ ನೋಡುವಂಥ ಪ್ರಕಟಿತ ಆಧಾರ ಕೊಡಬೇಕು, ಸ್ವಂತ ಊಹೆ, ಸ್ವಂತ ಸಂಶೋಧನೆ ಹಾಕಬಾರದು. ಹಿರಿಯರು ಹೇಳಿದ ಮಾತು ನಿಜವೇ ಇರಬಹುದು, ಆದರೆ ಅದು ಅಚ್ಚಾದ ಪುಸ್ತಕದಲ್ಲೋ ಪತ್ರಿಕೆಯಲ್ಲೋ ಬಂದಿರಬೇಕು. ವಿಮರ್ಶಕರು ಯಾರಾದರೂ ಬರೆದಿದ್ದರೆ ‘ಇಂಥವರ ಪ್ರಕಾರ’ ಅಂತ ಹೇಳಿ ಪುಸ್ತಕದ ಹೆಸರು, ಪುಟದ ಸಂಖ್ಯೆ ಕೊಡಬೇಕು. ವಾಟ್ಸ್ಆ್ಯಪ್ ಫಾರ್ವರ್ಡ್ ಆಧಾರ ಅಲ್ಲ.

ಕಥಾಸಾರಕ್ಕೆ ಮಾತ್ರ ಸ್ವಲ್ಪ ಸಡಿಲಿಕೆ ಇದೆ. ಇಂಗ್ಲಿಷ್ ವಿಕಿಪೀಡಿಯದ ಪದ್ಧತಿಯಂತೆ ಸಿನಿಮಾ ಕಥೆಗೆ ಆ ಸಿನಿಮಾವೇ ಆಧಾರ. 400ರಿಂದ 700 ಪದದೊಳಗೆ ಮುಗಿಸಬೇಕು. ಇಲ್ಲಿ ಎಚ್ಚರ ಬೇಕಾದದ್ದು ಒಂದೇ: ಕಾದಂಬರಿಯಲ್ಲಿ ಓದಿದ್ದನ್ನು ಸಿನಿಮಾದಲ್ಲಿ ನೋಡಿದಂಗ ಬರೆಯಬಾರದು. ತೆರೆ ಮೇಲೆ ಇಲ್ಲದ ಪ್ರಸಂಗ ಸಿನಿಮಾ ಪುಟಕ್ಕೆ ಬರಂಗಿಲ್ಲ, ಅದು ಕಾದಂಬರಿಯ ಪುಟಕ್ಕೆ ಹೋಗಬೇಕು. ಪತ್ರಿಕೆಯ ವಿಮರ್ಶೆಯನ್ನೋ ಪುಸ್ತಕದ ಬೆನ್ನುಡಿಯನ್ನೋ ಇದ್ದಂಗೆ ಎತ್ತಿ ಹಾಕಿದರೆ ಕೃತಿಸ್ವಾಮ್ಯ ಉಲ್ಲಂಘನೆ, ಅಳಿಸಿ ಹಾಕುತ್ತಾರೆ.

ನೀವು ಬರೆದದ್ದನ್ನ ಅಳಿಸಿದರೆ?

ಸಿಟ್ಟಿಗೇಳಬೇಡ್ರಿ, ತಿರುಗಿ ಅದನ್ನೇ ಹಾಕಬೇಡ್ರಿ. ಮೊದಲು ‘ಇತಿಹಾಸ’ ನೋಡ್ರಿ. ಯಾರು, ಯಾವಾಗ, ಏನು ಬದಲಿಸಿದರು ಅನ್ನೋದು ಅಲ್ಲಿ ಇರುತ್ತದೆ. ಆಮೇಲೆ ‘ಚರ್ಚೆ’ ಪುಟಕ್ಕೆ ಹೋಗಿ ನಿಮ್ಮ ಆಧಾರ ಇಟ್ಟು ಮಾತಾಡ್ರಿ. ಅಲ್ಲೂ ಬಗೆಹರಿಯದಿದ್ದರೆ ಎಲ್ಲರೂ ಸೇರುವ ಒಂದು ಜಾಗ ಇದೆ, ಕನ್ನಡ ವಿಕಿಪೀಡಿಯದಲ್ಲಿ ಅದರ ಹೆಸರೇ ‘ಅರಳಿ ಕಟ್ಟೆ’. ಊರ ಕಟ್ಟೆ ಹಂಗ ಅಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಇಂಗ್ಲಿಷ್ ಪುಟದಲ್ಲಿ ನಿಯಮ ಬಿಗಿ: 24 ತಾಸಿನೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ಬದಲಾವಣೆ ವಾಪಸ್ ಮಾಡಿದರೆ ಖಾತೆ ತಡೆಹಿಡಿಯಬಹುದು.

ಫೋಟೊ ಮತ್ತು ಪೋಸ್ಟರ್

ಘೋಡಗೇರಿಯ ಫೋಟೊ ನೀವೇ ತೆಗೆದಿದ್ದರೆ ವಿಕಿಮೀಡಿಯ ಕಾಮನ್ಸ್‌ಗೆ ಹಾಕಬಹುದು. ಆದರೆ ಒಮ್ಮೆ ಹಾಕಿದ ಮೇಲೆ ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಅದನ್ನು ಬಳಸಬಹುದು, ವ್ಯಾಪಾರಕ್ಕೂ ಬಳಸಬಹುದು. ಇದಕ್ಕೆ ಒಪ್ಪಿಗೆ ಇದ್ದರಷ್ಟೇ ಹಾಕಬೇಕು. ಸಿನಿಮಾ ಪೋಸ್ಟರ್, ಸಿನಿಮಾದ ದೃಶ್ಯ ನಿಮ್ಮ ಸ್ವತ್ತಲ್ಲ, ಅವನ್ನು ಕಾಮನ್ಸ್‌ಗೆ ಹಾಕುವಂತಿಲ್ಲ.

ಅಂಗಡಿಯವರು ಗಮನಿಸಿ

‘ರೊಕ್ಕ ಕೊಡ್ರಿ, ನಿಮ್ಮ ಅಂಗಡಿ ಹೆಸರು ವಿಕಿಪೀಡಿಯದಾಗ ಹಾಕಸ್ತೀವಿ’ ಅಂತ ಫೋನ್ ಬಂದರೆ ನಂಬಬೇಡ್ರಿ. ಅಲ್ಲಿ ಪುಟ ಇರೋದಕ್ಕೆ ದರ ಇಲ್ಲ. ಹಣ ಪಡೆದು ತಿದ್ದುವವರು ಅದನ್ನು ಬಹಿರಂಗವಾಗಿ ಹೇಳಲೇಬೇಕು ಅಂತ ವಿಕಿಮೀಡಿಯ ಫೌಂಡೇಷನ್ನಿನ ಬಳಕೆಯ ನಿಯಮವಿದೆ. ಸ್ವತಂತ್ರ ಪತ್ರಿಕೆ, ಪುಸ್ತಕಗಳಲ್ಲಿ ಚರ್ಚೆಯಾಗದ ಅಂಗಡಿಯ ಪುಟ ಯಾರೇ ಮಾಡಿದರೂ ಅಳಿಸುತ್ತಾರೆ, ಕೊಟ್ಟ ರೊಕ್ಕ ಮಾತ್ರ ತಿರುಗಿ ಬರಂಗಿಲ್ಲ. ಸಿನಿಮಾ ಪುಟದಲ್ಲಿ ನಡುವೆ ಜಾಹೀರಾತು ಸೇರಿಸಿದರೂ ಅದೇ ಗತಿ.

ಎಲ್ಲಿಂದ ಶುರು ಮಾಡೋದು?

ಇಡೀ ಲೇಖನ ಬರೆಯಬೇಕಾಗಿಲ್ಲ. ಒಂದು ಇಸವಿ, ಒಂದು ಊರಿನ ಹೆಸರಿನ ಅಕ್ಷರ, ಒಂದು ಆಧಾರ, ಇಷ್ಟು ಸಾಕು. ಮೊದಲು ‘ಪ್ರಯೋಗಪುಟ’ದಲ್ಲಿ ಬರೆದು ಕೈ ಕುದುರಿಸಿಕೊಳ್ಳಬಹುದು. ನಮ್ಮ ಭಾಗದವರಿಗೆ ದೊಡ್ಡ ಅನುಕೂಲ ಅಂದರೆ ಮನೆಯ ಟ್ರಂಕಿನಲ್ಲಿ, ಶಾಲೆ ಕಪಾಟಿನಲ್ಲಿ, ಗ್ರಂಥಾಲಯದಲ್ಲಿ ಉಳಿದಿರುವ ಹಳೆ ಪತ್ರಿಕೆ, ಅಭಿನಂದನ ಗ್ರಂಥ, ನಾಟಕದ ಪುಸ್ತಕಗಳು. ಬೆಂಗಳೂರಿನಲ್ಲಿ ಕುಂತು ತಿದ್ದುವವರಿಗೆ ಅವು ಸಿಗಂಗಿಲ್ಲ. ಪತ್ರಿಕೆಯ ಹೆಸರು, ತಾರೀಖು, ಪುಟ ಸಂಖ್ಯೆ ಬರೆದಿಟ್ಟುಕೊಂಡರೆ ಸಾಕು, ಅದೇ ಆಧಾರ. ತಪ್ಪಾದರೂ ಅಂಜಬೇಕಾಗಿಲ್ಲ. ಹಿಂದಿನ ಪ್ರತಿ ಇತಿಹಾಸದಲ್ಲಿ ಇದ್ದೇ ಇರುತ್ತದೆ, ಒಂದು ಒತ್ತಿಗೆ ಮೊದಲಿನಂಗ ಮಾಡಬಹುದು. ಆದರೆ ಗೆದ್ದಲು ತಿಂದ ಹಳೆ ಪತ್ರಿಕೆಗೆ ಇನ್ನೊಂದು ಪ್ರತಿ ಇರಂಗಿಲ್ಲ.