ಉಪಾಧ್ಯಾಯಾನೀ

ಪ್ರಾಚೀನ ಭಾರತದ ಸ್ತ್ರೀಶಿಕ್ಷಣದ ಬಗ್ಗೆ ಓದುತ್ತಿದ್ದಾಗ ಒಂದೇ ಪುಟದಲ್ಲಿ ‘ಉಪಾಧ್ಯಾಯಾ’, ‘ಉಪಾಧ್ಯಾಯಾನೀ’ ಎಂಬ ಎರಡು ರೂಪಗಳು ಸಿಕ್ಕವು. ಅಚ್ಚಿನ ತಪ್ಪೆಂದು ಪೆನ್ಸಿಲ್ಲಿನಲ್ಲಿ ತಿದ್ದಿಯೂಬಿಟ್ಟೆ. ತಪ್ಪು ನನ್ನದೇ.

ಉಪಾಧ್ಯಾಯ ಎಂದರೆ ಹತ್ತಿರ ಹೋಗಿ ಯಾರಿಂದ ಕಲಿಯುತ್ತೇವೋ ಅವನು. ಸ್ವತಃ ಪಾಠ ಹೇಳುವವಳು ಉಪಾಧ್ಯಾಯಾ. ಉಪಾಧ್ಯಾಯನ ಹೆಂಡತಿ ಉಪಾಧ್ಯಾಯಾನೀ. ‘ಉಪಾಧ್ಯಾಯೀ’ ಮಾತ್ರ ಇಬ್ಬರಿಗೂ ಸಲ್ಲುತ್ತದೆ. ಹಾಗೆಯೇ ಆಚಾರ್ಯಾ ಎಂದರೆ ತಾನೇ ವ್ಯಾಖ್ಯಾನ ಮಾಡುವವಳು, ಆಚಾರ್ಯಾನೀ ಎಂದರೆ ಆಚಾರ್ಯರ ಪತ್ನಿ. ಇಂದ್ರಾಣಿ, ರುದ್ರಾಣಿ, ಭವಾನಿಯರಿಗೆ ಗಂಡನ ಹೆಸರಿನಿಂದ ಹೆಸರು ಕೊಡುವ ಪಾಣಿನಿಯ ಸೂತ್ರದಲ್ಲೇ (4.1.49) ಆಚಾರ್ಯನೂ ಇದ್ದಾನೆ. ಆದರೆ ಇಂದ್ರಾಣಿಯ ‘ಣ’ ಆಚಾರ್ಯಾನಿಗೆ ಬರಕೂಡದೆಂದು ವೈಯಾಕರಣರು ಬೇರೆಯೇ ಹೇಳಬೇಕಾಯಿತು! ನನಗೆ ಹೆಚ್ಚು ಕುತೂಹಲದ್ದು ಇನ್ನೊಂದು: ಪಾಠ ಹೇಳುವ ಹೆಂಗಸರೇ ಇಲ್ಲದಿದ್ದರೆ ಅವರಿಗೆಂದು ಪ್ರತ್ಯೇಕ ರೂಪ ಕಾಯ್ದಿಡುವ ಗೊಡವೆ ಯಾರಿಗೆ ಬೇಕಿತ್ತು? ಎಷ್ಟು ಮಂದಿ ಇದ್ದರೆಂಬುದನ್ನು ವ್ಯಾಕರಣ ಹೇಳುವುದಿಲ್ಲ, ನಿಜ.

ನಮ್ಮ ಗೌಡ್ತಿ ಗೌಡಿಕೆ ಮಾಡದೆಯೂ ಗೌಡ್ತಿಯೇ. ಶಾಲೆಯ ಕಡೆ ಮಾತ್ರ ಕನ್ನಡ ಬೇರೆ ದಾರಿ ಹಿಡಿಯಿತು. ‘ಉಪಾಧ್ಯಾಯಿನಿ’ ಎಂದರೆ ಕಲಿಸುವವಳೇ ಹೊರತು ಉಪಾಧ್ಯಾಯರ ಮನೆಯಾಕೆಯಲ್ಲ. ಆದರೂ ಅದು ಅರ್ಜಿ, ಆದೇಶಗಳ ಪದ. ಉತ್ತರ ಕರ್ನಾಟಕದ ಮಕ್ಕಳು ಕರೆಯುವುದು ‘ಅಕ್ಕೋರು’ ಎಂದು. ಬೆಂಗಳೂರಿನ ಮಕ್ಕಳಿಗೆ, ಮದುವೆಯಾಗಿರಲಿ ಬಿಡಲಿ, ಎಲ್ಲರೂ ‘ಮಿಸ್ಸು’.